ನಾವು ನಂಬದ ಮ್ಯಾನೇಜರು

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಪ್ರಾಯದಲ್ಲಿ ಯಾವುದೋ ಹಂಚು ಸುಡುವ ಭಟ್ಟಿಯೊಳಗೆ ಇಣುಕಿ ನೋಡಲು ಹೋಗಿ ಸುಟ್ಟುಕೊಂಡದ್ದಂತೆ. ಮತ್ತೆ ಅಲ್ಲಿ ಕೂದಲು ಹುಟ್ಟಲಿಲ್ಲ. ಬಲಗಡೆಯ ಹುಬ್ಬು ಮಾತ್ರ ದಪ್ಪವಾಗಿ ಮೇಲಕ್ಕೇರಿಕೊಂಡಿದ್ದುದರಿಂದ, ನಾವು ಏನು ಹೇಳಿದರೂ ಅವರು ಅರ್ಧ ನಂಬಿ ಅರ್ಧ ಬಿಟ್ಟ ಹಾಗೆ ಕಾಣುತ್ತಿತ್ತು. ನಾವು ಅವರನ್ನು ಅಷ್ಟು ಕೂಡ ನಂಬುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನಾನು ಮಂಗಳೂರಿನ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅವರು ಅಲ್ಲಿ ಮ್ಯಾನೇಜರು. ಅವರು ಯಾರಿಗೂ ಬೈಯುತ್ತಿರಲಿಲ್ಲ. ನಮಗೆ ಭಯವಿದ್ದದ್ದೇ ಅದರಿಂದ. ಹಂಚು ಒಡೆಯಿತು ಎಂದು ಯಾರಾದರೂ ಬಂದು ಹೇಳಿದರೆ ತಣ್ಣಗೆ ಕೇಳುತ್ತಿದ್ದರು: “ಒಡೀತು ಅಂದ್ರೆ ಎಂತ? ತಾನಾಗಿ ಒಡೆಯುದುಂಟಾ? ಒಡೆದದ್ದು ಯಾರು, ಅದು ಹೇಳಿ.”

ಹೆಸರು ಸಿಕ್ಕಿದ ಮೇಲೆ ಏನೂ ಮಾಡುತ್ತಿರಲಿಲ್ಲ. ತಲೆಯಾಡಿಸಿ ಹೊರಟುಹೋಗುತ್ತಿದ್ದರು. ಶಿಕ್ಷೆ ಕೊಡದವರಿಗೆ ಹೆಸರು ಯಾಕೆ ಬೇಕು? ಧಣಿಗಳ ಕಿವಿಗೆ ಹಾಕಲಿಕ್ಕೇ ಇರಬೇಕು ಎಂದು ನಾವು ತೀರ್ಮಾನಿಸಿದ್ದೆವು. ಅವರು ಶೆಡ್ಡಿಗೆ ಕಾಲಿಟ್ಟರೆ ಹಸಿ ಹಂಚು ಹೊರುವ ಹೆಂಗಸರ ಮಾತು ನಿಂತುಬಿಡುತ್ತಿತ್ತು. ನಾನಂತೂ ಅವರೆದುರು ಹವೆಯ ವಿಷಯ ಮಾತನಾಡುವುದಕ್ಕೂ ಯೋಚಿಸುತ್ತಿದ್ದೆ.

ಒಂದು ಮಳೆಗಾಲ ಬಿಸಿಲೇ ಬರಲಿಲ್ಲ. ಹಂಚು ಒಣಗುತ್ತಿರಲಿಲ್ಲ. ಮಳೆ ಕಳೆದು ಹಡಗುಗಳು ಹೊರಡುವಾಗ ಸರಕು ತಯಾರಿರಬೇಕೆಂದು ಧಣಿಗಳ ಒತ್ತಾಯ ಬೇರೆ. ಮ್ಯಾನೇಜರು ಶೆಡ್ಡಿನ ಅಟ್ಟದ ಮೇಲೂ ಹಸಿ ಹಂಚು ಪೇರಿಸಲು ಹೇಳಿದರು. ಕುದ್ರೋಳಿಯಿಂದ ಬರುತ್ತಿದ್ದ ಬ್ಯಾರಿ ಮೇಸ್ತ್ರಿ ನನ್ನೆದುರೇ ಅವರನ್ನು ತಡೆದು, ಕಂಬದ ಬುಡಕ್ಕೆ ಗೆದ್ದಲು ಹಿಡಿದಿದೆ, ಅಷ್ಟು ಭಾರ ಬೇಡ ಎಂದರು. ಮ್ಯಾನೇಜರು ಕಂಬವನ್ನು ಅಂಗೈಯಿಂದ ತಟ್ಟಿ ನೋಡಿ, “ಈ ಮಳೆಗಾಲಕ್ಕೆ ತಡೀತದೆ” ಎಂದು ಮುಂದೆ ಹೋದರು.

ತಡೆಯಲಿಲ್ಲ. ಅಟ್ಟ ಕುಸಿದು, ಕೆಳಗೆ ಹಂಚು ಜೋಡಿಸುತ್ತಿದ್ದ ಒಬ್ಬ ಹೆಂಗಸಿನ ಕಾಲಿನ ಮೇಲೆ ತೊಲೆ ಬಿತ್ತು. ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಗಂಟಿನ ಕೆಳಗೆ ಕತ್ತರಿಸಿದರು.

ಸರಕಾರದ ಇನ್‌ಸ್ಪೆಕ್ಟರು ಬರುತ್ತಾರೆಂದು ತಿಳಿದೊಡನೆ ಧಣಿಗಳು ನಮ್ಮನ್ನು ಆಫೀಸಿಗೆ ಕರೆಸಿ ಪಾಠ ಹೇಳಿಕೊಟ್ಟರು. ಮೇಸ್ತ್ರಿ ಯಾರನ್ನೂ ಕೇಳದೆ ಅಟ್ಟ ತುಂಬಿಸಿದ್ದು. ಎಲ್ಲರೂ ಅದನ್ನೇ ಹೇಳಬೇಕು. ಮೇಸ್ತ್ರಿ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದರು. ಮ್ಯಾನೇಜರು ಕಿಟಕಿಯ ಹತ್ತಿರ ನಿಂತು ಹೊಳೆ ನೋಡುತ್ತಿದ್ದರು. ಒಡೆದವರ ಹೆಸರು ಕೇಳುವವರ ನ್ಯಾಯ ಇಷ್ಟೇ ಎಂದುಕೊಂಡೆ.

ಇನ್‌ಸ್ಪೆಕ್ಟರು ಬಂದ ದಿನ ನಮ್ಮನ್ನೆಲ್ಲ ಮುರಿದ ಶೆಡ್ಡಿನ ಎದುರು ನಿಲ್ಲಿಸಿದ್ದರು. ಆತ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದ ಮ್ಯಾನೇಜರು ಮೊದಲು ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

“ಅಟ್ಟದ ಮೇಲೆ ಹೇರಿ ಅಂತ ಹೇಳಿದ್ದು ನಾನು. ಕಂಬ ಹಾಳಾಗಿದೆ ಅಂತ ಮೇಸ್ತ್ರಿ ಹೇಳಿದ್ರು. ನಾನು ಕೇಳ್ಲಿಲ್ಲ.”

ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಧಣಿಗಳು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು, ಅಷ್ಟೇ. ಸಂಜೆಯೊಳಗೆ ಮ್ಯಾನೇಜರ ಕೆಲಸ ಹೋಗಿತ್ತು.

ನಮ್ಮ ಸಂಶಯ ಮಾತ್ರ ಹೋಗಲಿಲ್ಲ. ಬೇರೆ ಕಾರ್ಖಾನೆಯವರು ಮೊದಲೇ ಕರೆದಿರಬೇಕು ಎಂದು ಒಬ್ಬರು. ಇದು ಧಣಿಗಳೂ ಅವರೂ ಕೂಡಿ ಆಡಿದ ಆಟ ಎಂದು ಇನ್ನೊಬ್ಬರು. ಅದರಿಂದ ಕೆಲಸ ಉಳಿದ ಮೇಸ್ತ್ರಿಯೇ ನನ್ನ ಹತ್ತಿರ, “ದೊಡ್ಡವರು ಸುಮ್ಮನೆ ತಪ್ಪು ಒಪ್ಪಿಕೊಳ್ಳುದಿಲ್ಲ ಮಾರಾಯ್ರೆ. ಇದರ ಹಿಂದೆ ಎಂತದೋ ಉಂಟು” ಎಂದರು. ನನಗೂ ಹಾಗೇ ಅನಿಸಿತ್ತು.

ಆದರೆ ಯಾವ ಕಾರ್ಖಾನೆಯೂ ಅವರನ್ನು ಕರೆಯಲಿಲ್ಲ. ಧಣಿಗಳ ಎದುರು ಹಾಗೆ ಮಾತನಾಡಿದವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವರು ಬಾಡಿಗೆ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡತೊಡಗಿದರು. ಆದಿತ್ಯವಾರ ಬಂತೆಂದರೆ ಕಾಲು ಕಳೆದುಕೊಂಡ ಆ ಹೆಂಗಸಿನ ಮನೆಗೆ ನಡೆದುಕೊಂಡು ಹೋಗುತ್ತಿದ್ದರು. ಆಕೆ ಅವರನ್ನು ಒಳಗೆ ಕರೆಯಲಿಲ್ಲ. ಯಾವುದಾದರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲಿಕ್ಕೆ ಬರುತ್ತಾರೆಂದು ಆಕೆಯ ಸಂಶಯ. ಅವರು ಅಂಗಳದ ಕಲ್ಲಿನ ಮೇಲೆ ಕೂತು, ಗಾಯ ಹೇಗುಂಟು ಎಂದು ಕೇಳಿ, ಎದ್ದು ಬರುತ್ತಿದ್ದರು. ಒಮ್ಮೆ ಬಡಗಿಯನ್ನು ಕರೆತಂದು ಊರುಗೋಲಿಗೆ ಅಳತೆ ತೆಗೆಸಿದರು. ಅದು ಕಂಕುಳಿಗೆ ಒತ್ತುತ್ತದೆ ಎಂದು ಆಕೆ ದೂರಿದಾಗ ಅದೇ ಬಡಗಿಯನ್ನು ಮತ್ತೆ ಕರೆತಂದರು. ಮಳೆಗಾಲದಲ್ಲೂ ಕೊಡೆ ಹಿಡಿದು ಆ ಕಲ್ಲಿನ ಮೇಲೆಯೇ ಕೂರುತ್ತಿದ್ದರಂತೆ.

ಇದೆಲ್ಲ ಕೇಳಿದಷ್ಟೂ ನನ್ನ ಗುಮಾನಿ ಹೆಚ್ಚಾಯಿತು. ಒಂದು ದಿನ ಬಂದರಿನ ದಾರಿಯಲ್ಲಿ ಸಿಕ್ಕಿದಾಗ ನೇರವಾಗಿ ಕೇಳಿಯೇಬಿಟ್ಟೆ: ಧಣಿಗಳ ಜೊತೆ ನಿಮ್ಮದು ಏನಾದರೂ ಒಳ ಒಪ್ಪಂದವಿತ್ತೇ? ಅವರಿಗೆ ಸಿಟ್ಟು ಬರಲಿಲ್ಲ.

“ಸಂಶಯ ಇಟ್ಟುಕೊಳ್ಳಿ, ಒಳ್ಳೆಯದೇ” ಎಂದರು. “ಆ ದಿನ ಕಂಬದ ಮೇಲೆ ನನಗೂ ಸ್ವಲ್ಪ ಸಂಶಯ ಬರಬೇಕಿತ್ತು.”

ಯುದ್ಧ ಮುಗಿಯುವ ಹೊತ್ತಿಗೆ ಅವರು ಜ್ವರ ಬಂದು ತೀರಿಕೊಂಡರು. ಧಣಿಗಳ ಕಡೆಯಿಂದ ಯಾರೂ ಬರಲಿಲ್ಲ. ಮೇಸ್ತ್ರಿ ಬಂದು ಅಂಗಳದ ಬೇಲಿಯ ದಣಪೆಯ ಹತ್ತಿರ ಟೊಪ್ಪಿ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಹೆಣ ಎತ್ತುವ ಮೊದಲು ಆ ಹೆಂಗಸು ಊರುಗೋಲು ಊರಿಕೊಂಡು ಬಂದಳು. ಅಷ್ಟು ದೂರ ನಡೆದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

ಅಂತೂ ಅವರು ಒಳ್ಳೆಯವರೇ ಅಂತಾಯಿತಲ್ಲ ಎಂದು ನಾನು ಆಕೆಯ ಹತ್ತಿರ ಮೆಲ್ಲನೆ ಅಂದೆ. ಆಕೆ ನನ್ನ ಮುಖವನ್ನು ಸಂಶಯದಿಂದಲೇ ನೋಡಿ, ತುಳುವಿನಲ್ಲಿ ಹೇಳಿದಳು:

“ಒಳ್ಳೆಯವರೋ ಅಲ್ಲವೋ ನನಗೆ ಗೊತ್ತಿಲ್ಲ. ನನ್ನ ಕಾಲು ಹೋದದ್ದು ಅವರಿಂದಲೇ. ಅದನ್ನು ನನ್ನ ಎದುರು ಬಂದು ಹೇಳಿದವರು ಅವರೊಬ್ಬರೇ. ಈಗ ಅವರೂ ಹೋದರು.”