ರತ್ನಾಳ ಅಮ್ಮನ ಅನ್ನದಂಗಡಿ

ಬೇರೆಯವರ ಧರ್ಮದಲ್ಲಿ ತಪ್ಪು ಹುಡುಕುವ ಕೆಲಸದಲ್ಲಿ ನನ್ನದು ಪಳಗಿದ ಕೈ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಮೊದಲ ಲಾಕ್‌ಡೌನಿನ ಆ ರಂಜಾನ್‌ವರೆಗೆ.

ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ನಾನೂ ಗಂಡ ಗಿರೀಶನೂ ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆಯಲ್ಲಿ ರತ್ನಾ ಇದ್ದಳು. ಹೆಸರು ಕೇಳಿ ನಮ್ಮವಳೇ ಅಂದುಕೊಂಡಿದ್ದೆ. ಇಂಡೋನೇಷ್ಯಾದ ಮುಸ್ಲಿಂ ಹುಡುಗಿ, ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಇಲ್ಲಿನ ಮೇ ತಿಂಗಳ ಸೂರ್ಯನಿಗೆ ಉಪವಾಸಿಗಳ ಮೇಲೆ ಕರುಣೆಯಿಲ್ಲ, ಒಂಬತ್ತಾದರೂ ಮುಳುಗುವುದಿಲ್ಲ. ಆದರೂ ಅವಳು ಒಂದು ದಿನವೂ ತಪ್ಪಿಸಲಿಲ್ಲ. ನಾನೋ, ಏಕಾದಶಿಯ ದಿನ ಅವಲಕ್ಕಿ, ಬಾಳೆಹಣ್ಣು, ಗೋಡಂಬಿ ತಿಂದು ಉಪವಾಸ ಎನ್ನುವವಳು.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಫೋನ್ ಹಿಡಿದು ಅಳುತ್ತಿದ್ದಳು. ಊರಿನಲ್ಲಿ ಅವಳ ತಾಯಿ ಬಸ್ ನಿಲ್ದಾಣದ ಪಕ್ಕ ಅನ್ನ, ಸಾರು ಮಾರುತ್ತಿದ್ದರು. ರಂಜಾನಿನ ಹಗಲಲ್ಲಿ ಊಟದಂಗಡಿ ತೆರೆಯಬಾರದೆಂದು ಅವರ ಜಿಲ್ಲಾ ಸಭೆ ಕಾನೂನು ಮಾಡಿತ್ತು. ಕೆಲವು ಧಾರ್ಮಿಕ ಸಂಘಟನೆಗಳು ಒತ್ತಾಯಿಸಿದ್ದವು. ಚುನಾವಣೆ ಹತ್ತಿರವಿದ್ದ ಸದಸ್ಯರಿಗೆ ಭಕ್ತಿ ಉಕ್ಕಿ ಬಂದಿತ್ತು. ಅಲ್ಲಿನದೇ ಇನ್ನೊಂದು ಇಸ್ಲಾಮೀ ಸಂಘಟನೆಯ ಹಿರಿಯರೊಬ್ಬರು, ಕಾಯಿಲೆಯವರು, ಪ್ರಯಾಣಿಕರು ಎಲ್ಲಿ ಉಣ್ಣಬೇಕು ಎಂದು ಕೇಳಿದ್ದರಂತೆ. ಅವರನ್ನು ಗೌರವದಿಂದ ಕೂರಿಸಿ, ಟೀ ಕೊಟ್ಟು, ಕಾನೂನನ್ನು ಪಾಸು ಮಾಡಿದರು. ಆ ಬೆಳಿಗ್ಗೆ ಸಿಬ್ಬಂದಿ ಬಂದು ತಾಯಿಯ ಪಾತ್ರೆಗಳನ್ನು ಅನ್ನದ ಸಮೇತ ಜೀಪಿಗೆ ಹಾಕಿಕೊಂಡು ಹೋಗಿದ್ದರು.

"ಅಮ್ಮನೂ ಉಪವಾಸ ಇದ್ರು," ಎಂದಳು ರತ್ನಾ ತನ್ನ ನಿಧಾನದ ಇಂಗ್ಲಿಷಿನಲ್ಲಿ. "ಹಸ್ಕೊಂಡೇ ಬಡಿಸ್ತಿದ್ರು."

ನಾನು ಲೊಚಗುಟ್ಟಿದೆ. "ನಿಮ್ಮಲ್ಲಿ ಇದೆಲ್ಲ ಸ್ವಲ್ಪ ಜಾಸ್ತಿ, ಅಲ್ವಾ?"

ಅವಳು ಕಣ್ಣೊರೆಸಿಕೊಂಡಳು. "ನಿಮ್ಮಲ್ಲಿ ಹೇಗೆ?"

ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ನಮ್ಮಲ್ಲಿ ಹಾಗೇನಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಊಟದ ಟೇಬಲ್ಲನ್ನೇ ಆಫೀಸು ಮಾಡಿಕೊಂಡಿದ್ದ ಗಿರೀಶ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕನ್ನಡದಲ್ಲಿ ಕೇಳಿದ: "ಹೋದ ದಸರಾಲಿ ನಮ್ಮೂರಲ್ಲಿ ಮಾಂಸದಂಗಡಿ ಮುಚ್ಸಿ ಅಂತ ನಗರಸಭೆಗೆ ಅರ್ಜಿ ಕೊಟ್ರಲ್ಲ, ಎಲ್ರೂ ಸೈನ್ ಮಾಡಿ ಅಂತ ಫ್ಯಾಮಿಲಿ ಗ್ರೂಪಿಗೆ ಕಳ್ಸಿದ್ದು ಯಾರು?"

ನಾನೇ. ಮೂರು ಕೈಮುಗಿದ ಎಮೋಜಿ ಬೇರೆ ಹಾಕಿದ್ದೆ. ಅರ್ಜಿ ಗೆದ್ದಿತು. ನಮ್ಮ ಬೀದಿಯ ಕೋಳಿ ಅಂಗಡಿಯ ಶಾಂತಮ್ಮ ಆ ಒಂಬತ್ತು ದಿನ ಏನು ಮಾಡಿದಳೋ, ಕೇಳಬೇಕೆಂದು ನಮಗ್ಯಾರಿಗೂ ಅನಿಸಲಿಲ್ಲ.

"ಏನಂತೆ?" ಎಂದಳು ರತ್ನಾ.

"ಏನಿಲ್ಲ, ಗ್ರ್ಯಾಂಡ್," ಎಂದೆ. ಎಲ್ಲ ಚೆನ್ನಾಗಿದೆ ಎನ್ನಲು ಈ ದೇಶ ಕಲಿಸಿದ ಪದ. ಎಂಥ ಹೇಡಿತನವನ್ನೂ ಮುಚ್ಚುತ್ತದೆ.

ಸಂಜೆ ಬೇಲಿಯಾಚೆಯ ಅಜ್ಜಿ ನೊರೀನ್‌ಗೆ ರತ್ನಾಳ ಕಥೆ ಹೇಳಿದೆ, ನನ್ನದನ್ನಲ್ಲ. ಆಕೆ ನಕ್ಕುಬಿಟ್ಟಳು. "ನಮ್ಮ ಕಾಲದ ಪಾದ್ರಿಗಳಿಗೆ ಕಾನೂನು ಬರೆಸೋ ಕಷ್ಟಾನೂ ಇರ್ಲಿಲ್ಲಮ್ಮ. ಕೆಮ್ಮಿದ್ರೆ ಸಾಕಿತ್ತು."

ರತ್ನಾಳ ತಾಯಿಗೆ ಪಾತ್ರೆಗಳು ಮರಳಲಿಲ್ಲ; ಅಂಗಡಿಯನ್ನು ಅವರು ಮತ್ತೆ ತೆರೆಯಲೂ ಇಲ್ಲ. ನಾನು ಗ್ರೂಪಿನಲ್ಲಿ ಆ ಹಳೆಯ ಸಂದೇಶವನ್ನು ಹುಡುಕಿ ಅಳಿಸಲು ಹೋದೆ. ಎಲ್ಲರ ಫೋನಿನಿಂದ ಅಳಿಸುವ ಗಡುವು ಮುಗಿದಿತ್ತು. ನನ್ನದರಿಂದ ಮಾತ್ರ ಅಳಿಸಬಹುದಂತೆ. ಅಳಿಸಿದೆ. ಈಗ ಅದು ನನ್ನೊಬ್ಬಳಿಗೆ ಮಾತ್ರ ಕಾಣಿಸುವುದಿಲ್ಲ.