ಸರೋಜಳ ಹಿಂದಿನ ಬಲಗಾಲು

ಕೊರೊನಾ ಮುಗಿದು ಛತ್ರಗಳಲ್ಲಿ ಮದುವೆಗಳ ಭರಾಟೆ ಮತ್ತೆ ಶುರುವಾಗಿದ್ದ ವರ್ಷ. ನಾನು ಆಗ ಭದ್ರಾವತಿಯಲ್ಲಿ ಪಶುವೈದ್ಯಾಧಿಕಾರಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮನೆ ಶಿವಮೊಗ್ಗದ ಗೋಪಾಳದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ಅಷ್ಟು ವರ್ಷಗಳ ಸರ್ವೀಸಿನಲ್ಲಿ ಲೆಕ್ಕವಿಲ್ಲದಷ್ಟು ಹಸು, ಎಮ್ಮೆ, ಆಡು, ನಾಯಿಗಳನ್ನು ನೋಡಿದ್ದೆ. ಕುದುರೆಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದಿತ್ತು.

ನನ್ನ ಸ್ವಭಾವದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನಗೆ ಗಲಾಟೆ ಎಂದರೆ ಆಗದು. ಕೆಲಸ ಮಾಡುವಾಗ ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟಿದರೂ ತಲೆ ಕೆಡುತ್ತದೆ. ಯಾವ ಕೊಟ್ಟಿಗೆಗೆ ಹೋದರೂ ನನ್ನ ಮೊದಲ ಮಾತು "ಸದ್ದು ಮಾಡಬೇಡಿ" ಎಂಬುದೇ. ನಮ್ಮ ಅಟೆಂಡರ್ ಹನುಮಂತಪ್ಪ ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ತುಟಿಯ ಮೇಲೆ ಬೆರಳಿಟ್ಟು ಜನರಿಗೆ ತೋರಿಸುತ್ತಿದ್ದ. ಮೇಡಂ ಬಂದರು ಎನ್ನುವುದಕ್ಕೆ ಅದೇ ಗುರುತು. ನಮ್ಮ ಪಠ್ಯಪುಸ್ತಕದಲ್ಲೂ ಅದೇ ಇದೆ: ಹೆದರಿದ ಪ್ರಾಣಿಯ ಹತ್ತಿರ ನಿಧಾನಕ್ಕೆ, ಸದ್ದಿಲ್ಲದೆ ಹೋಗಬೇಕು. ಹೀಗಾಗಿ ನನ್ನ ಸಿಡುಕಿಗೆ ಶಾಸ್ತ್ರದ ಬೆಂಬಲವೂ ಸಿಕ್ಕಿಬಿಟ್ಟಿತ್ತು.

ಒಂದು ಸೋಮವಾರ ಮುರುಗೇಶ ಎಂಬಾತ ಆಸ್ಪತ್ರೆಗೆ ಓಡಿ ಬಂದ. ಅವನ ತಂದೆ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆಂದು ಬಂದು ಭದ್ರಾವತಿಯಲ್ಲೇ ನೆಲೆನಿಂತವರು. ಮಗ ಕಾರ್ಖಾನೆಯ ದಾರಿ ಹಿಡಿಯದೆ, ಮದುವೆ ಮೆರವಣಿಗೆಗೆಂದು ಒಂದು ಬಿಳಿ ಹೆಣ್ಣು ಕುದುರೆ ಸಾಕಿಕೊಂಡಿದ್ದ. ಅದರ ಹೆಸರು ಸರೋಜ. ಹನ್ನೊಂದು ವರ್ಷ ವಯಸ್ಸು. ನಾಲ್ಕು ದಿನದಿಂದ ಹಿಂದಿನ ಬಲಗಾಲನ್ನು ನೆಲಕ್ಕೆ ಊರುತ್ತಿಲ್ಲ ಎಂದ.

"ಮುಟ್ಟಕ್ಕೆ ಬಿಡಲ್ಲ ಮೇಡಂ. ನಂಗೇ ಬಿಡ್ತಿಲ್ಲ," ಎಂದ.

ಹಳೆಯ ಕ್ವಾರ್ಟರ್ಸಿನ ಹಿಂದೆ ತಗಡಿನ ಶೆಡ್ಡು. ಅದಕ್ಕೆ ಅಂಟಿಕೊಂಡೇ ಬ್ಯಾಂಡ್‌ಸೆಟ್ಟಿನವರ ಕೋಣೆ. ನಾವು ಹೋದಾಗ ಅಲ್ಲಿ ಡ್ರಮ್ಮು ಬಡಿಯುವ ನಾಗರಾಜ ಮತ್ತು ಇನ್ನಿಬ್ಬರು ಅಭ್ಯಾಸ ಮಾಡುತ್ತಿದ್ದರು. ಕಿವಿ ತೂತು ಬೀಳುವ ಸದ್ದು. ನಾನು ನೇರ ಅವರ ಬಾಗಿಲಿಗೆ ಹೋಗಿ, "ಕಾಯಿಲೆ ಪ್ರಾಣಿಯ ಪಕ್ಕದಲ್ಲಿ ಇದೇನ್ರಿ ಇದು? ನಾನು ಬರೋ ಹೊತ್ತಿಗೆ ಇಲ್ಲಿ ಒಂದು ಸದ್ದು ಕೇಳಬಾರದು," ಎಂದು ಗದರಿದೆ. ಬಡಪಾಯಿಗಳು ಕೋಲು ಕೆಳಗಿಟ್ಟರು. ಮುರುಗೇಶ ಏನೋ ಹೇಳಲು ಬಾಯಿ ತೆರೆದ. "ನೀವೂ ಸುಮ್ನಿರಿ," ಎಂದೆ.

ಶೆಡ್ಡು ಗಪ್‌ಚಿಪ್ ಆಯಿತು. ನಾನು ಮೆಲ್ಲಗೆ ಎರಡು ಹೆಜ್ಜೆ ಇಟ್ಟೆ. ಸರೋಜ ಕಿವಿಗಳನ್ನು ಹಿಂದಕ್ಕೆ ಮಲಗಿಸಿ, ಬಾಲ ಬಿಗಿದು, ನೋಯುವ ಅದೇ ಕಾಲನ್ನು ಬೀಸಿದಳು. ಹನುಮಂತಪ್ಪನ ಕೈಯಲ್ಲಿದ್ದ ಸ್ಟೀಲ್ ಟ್ರೇ ತಗಡಿನ ಛಾವಣಿಗೆ ಹೋಗಿ ಬಡಿಯಿತು. ಅವನು ಬಾಗಿಲ ಹೊರಗೆ ನಿಂತು ಏದುಸಿರು ಬಿಡುತ್ತಾ, "ನಮ್ಮನೆಯವಳ ಹೆಸರೂ ಸರೋಜಾನೇ ಮೇಡಂ. ಪುಣ್ಯಕ್ಕೆ ಅವಳು ಬರೀ ಬೈತಾಳೆ," ಎಂದ. ನಗು ಬಂದರೂ ತಡೆದುಕೊಂಡೆ.

ಕೊನೆಗೆ ಮುರುಗೇಶ ಕುದುರೆಯ ತಲೆ ಹಿಡಿದುಕೊಂಡ ಮೇಲೆ ಕುತ್ತಿಗೆಗೆ ಮಂಪರಿನ ಇಂಜೆಕ್ಷನ್ ಕೊಟ್ಟು ಗೊರಸು ನೋಡಿದೆ. ದಾರಿಯಲ್ಲಿ ತುಳಿದ ತುಕ್ಕು ಹಿಡಿದ ಮೊಳೆಯೊಂದು ಲಾಳಕ್ಕೆ ತಾಗದೆ ಗೊರಸಿನಡಿಯ ಮೆತ್ತನೆಯ ಭಾಗಕ್ಕೆ ಹೊಕ್ಕು, ಒಳಗೆ ಕೀವು ತುಂಬಿತ್ತು. ಲಾಳ ಕಿತ್ತು, ಮೊಳೆ ತೆಗೆದು, ಕೀವು ಹರಿದುಹೋಗಲು ದಾರಿ ಮಾಡಿ, ಧನುರ್ವಾಯು ಬರದಂತೆ ಇಂಜೆಕ್ಷನ್ ಕೊಟ್ಟೆ. ಹಿಂಗಾಲಿನ ಮೇಲ್ಭಾಗದಲ್ಲಿ ಕೂದಲಿಲ್ಲದ ಹಳೆಯ ಗಾಯದ ಗುರುತೂ ಕಾಣಿಸಿತು. ಹಗ್ಗ ಉಜ್ಜಿದ್ದಿರಬೇಕು ಎಂದು ಕೇಸ್‌ಶೀಟಿನಲ್ಲಿ ಬರೆದುಕೊಂಡೆ. ಯಾರನ್ನೂ ಕೇಳಲಿಲ್ಲ.

ಸಂಜೆ ಬಸ್ಸಿನಿಂದಲೇ ಶಿವಮೊಗ್ಗದ ನನ್ನ ಸಹಪಾಠಿಗೆ ಫೋನು ಮಾಡಿದೆ. ಅವಳು ದೊಡ್ಡ ಪ್ರಾಣಿಗಳ ಸರ್ಜನ್.

"ದಿನಾ ಮಂಪರು ಕೊಡೋಕಾಗಲ್ಲ ಕಣೆ," ಎಂದಳು. "ಆದ್ರೆ ದಿನಾ ಗಾಯ ತೊಳೀಲೇಬೇಕು. ಕೀವು ಗೊರಸಿನೊಳಗಿನ ಮೂಳೆಗೆ ಇಳಿದ್ರೆ ಮುಗೀತು. ಒಂದು ವಾರ ನೋಡು. ಆಗಲೂ ಕಾಲು ಮುಟ್ಟಿಸಿಕೊಳ್ಳದಿದ್ರೆ, ನೋವಿಲ್ಲದ ಹಾಗೆ ಕಳಿಸಿಕೊಡೋದೇ ಅವಳಿಗೆ ಮಾಡೋ ಉಪಕಾರ."

ಮರುದಿನ ಇದನ್ನು ಮುರುಗೇಶನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. "ನಮ್ಮಮ್ಮ ತೀರಿಕೊಂಡ ವರ್ಷ ಮನೆಗೆ ಬಂದವಳು ಮೇಡಂ ಇವಳು," ಎಂದ. ಆಮೇಲೆ ಕುದುರೆಯ ಕುತ್ತಿಗೆ ಸವರುತ್ತಾ "ಕಣ್ಣೂ, ಕೇಳು ಕಣ್ಣೂ" ಎಂದು ತಮಿಳಿನಲ್ಲಿ ಏನೇನೋ ಬೇಡಿಕೊಂಡ.

ಮಂಗಳವಾರ, ಬುಧವಾರ, ಗುರುವಾರ ನನಗೆ ಸೋಲಿನ ಮೇಲೆ ಸೋಲು. ಬ್ಯಾಂಡಿನವರನ್ನು ಬೀದಿಯ ಆಚೆ ಕಳಿಸಿದೆ. ಅಕ್ಕಪಕ್ಕದ ಮನೆಯವರಿಗೆ ಟಿವಿ ಆರಿಸಲು ಹೇಳಿಸಿದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋದೆ. ನಾನು ಎಷ್ಟು ಸದ್ದಡಗಿಸಿದರೆ ಸರೋಜ ಅಷ್ಟು ನಡುಗುತ್ತಿದ್ದಳು. ಮೂಗಿಗೆ ಹಗ್ಗದ ಉರುಳು ಹಾಕಿ ನೋಡಿದೆವು. ಅವಳು ಒದ್ದ ಏಟಿಗೆ ಗೋಡೆಯ ತಗಡೇ ಕಿತ್ತುಬಂತು. ಕೊನೆಗೆ ಮಾರು ದೂರದಿಂದ ದೊಡ್ಡ ಸಿರಿಂಜಿನಲ್ಲಿ ಔಷಧ ಚಿಮ್ಮಿಸುವ ಗತಿ ಬಂತು. ಹೋಳಿ ಆಡಿದ ಹಾಗೆ ನಾನೂ ಹನುಮಂತಪ್ಪನೂ ಕಂದುಬಣ್ಣದ ಅಯೋಡಿನ್‌ನಲ್ಲಿ ತೋಯ್ದೆವು. ಗಾಯಕ್ಕೆ ಮಾತ್ರ ಒಂದು ಹನಿ ತಾಗಲಿಲ್ಲ. ಕೀವಿನ ವಾಸನೆ ಮತ್ತೆ ಶುರುವಾಗಿತ್ತು.

ಶುಕ್ರವಾರ ಇಲಾಖೆಯ ಜೀಪೊಂದು ಶಿವಮೊಗ್ಗದಿಂದ ಆ ಕಡೆ ಹೊರಟಿತ್ತು. ಅದರಲ್ಲಿ ಹತ್ತಿ ನಾನು ಒಂದು ಗಂಟೆ ಮುಂಚೆಯೇ ತಲುಪಿದೆ. ಓಣಿಯ ತುದಿಯಲ್ಲಿ ಇಳಿದರೆ ಡ್ರಮ್ಮಿನ ಸದ್ದು. ಅಷ್ಟು ಹೇಳಿದ ಮೇಲೂ ಹೀಗಾ! ರೇಗಿಕೊಂಡೇ ಬಿರಬಿರನೆ ಹೋದೆ. ಶೆಡ್ಡಿನ ಮೂಲೆ ತಿರುಗಿದವಳು ಹಾಗೇ ನಿಂತುಬಿಟ್ಟೆ.

ನಾಗರಾಜ ಶೆಡ್ಡಿನೊಳಗೇ ಕುಳಿತು ಡ್ರಮ್ಮು ಬಾರಿಸುತ್ತಿದ್ದ. ಸರೋಜ ಅವನಿಂದ ಎರಡು ಮಾರು ದೂರದಲ್ಲಿ, ತಲೆ ಇಳಿಬಿಟ್ಟು, ಅರ್ಧ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ಕಿವಿಗಳು ಸಡಿಲ. ಕೆಳತುಟಿ ಜೋತುಬಿದ್ದಿತ್ತು. ಮುರುಗೇಶ ಅವಳ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಬಾಲದ ಸಿಕ್ಕು ಬಿಡಿಸುತ್ತಿದ್ದ. ಹಿಂದೆ! ನನಗೆ ಮೂರು ದಿನ ಹತ್ತಿರ ಸುಳಿಯಲೂ ಬಿಡದಿದ್ದ ಜಾಗದಲ್ಲಿ.

ನನ್ನನ್ನು ಕಂಡ ನಾಗರಾಜನ ಕೈ ಗಕ್ಕನೆ ನಿಂತಿತು. ಅದೇ ಕ್ಷಣ ಸರೋಜ ತಲೆ ಎತ್ತಿದಳು. ಕಿವಿ ಹಿಂದಕ್ಕೆ, ಬಾಲ ಬಿಗಿ, ಮೈಯೆಲ್ಲ ನಡುಕ. ಮುರುಗೇಶ ಪಕ್ಕಕ್ಕೆ ಹಾರಿದ.

"ಮತ್ತೆ ಬಾರಿಸಿ," ಎಂದೆ.

"ತಪ್ಪಾಯ್ತು ಮೇಡಂ..."

"ತಪ್ಪು ಆಮೇಲೆ ನೋಡೋಣ ಮಾರಾಯ, ಬಾರಿಸಿ."

ಬಾರಿಸಿದ. ಹತ್ತು ಎಣಿಸುವಷ್ಟರಲ್ಲಿ ತಲೆ ಇಳಿಯಿತು. ನಿಲ್ಲಿಸಿ ಎಂದೆ, ತಲೆ ಎದ್ದಿತು, ನಡುಕ ಬಂತು. ಬಾರಿಸಿ ಎಂದೆ, ಇಳಿಯಿತು. ನನ್ನ ಎದೆ ಆ ಡ್ರಮ್ಮಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಆ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡು, ಲದ್ದಿ ಬಿದ್ದ ನೆಲದ ಮೇಲೆ ನಾನು ಕುಣಿದಾಡಿದ್ದೊಂದು ಬಾಕಿ.

"ಇದೇನ್ರಿ ಮುರುಗೇಶ್, ಸದ್ದು ನಿಂತ್ರೆ ಹೆದರ್ತಾಳಲ್ಲ?"

ಆಗ ಅವನು ಹೇಳಿದ. ಕೊರೊನಾ ಬರುವುದಕ್ಕೆ ಮುಂಚೆ ಕುಂಸಿ ಕಡೆ ಒಂದು ಮದುವೆ. ಮೆರವಣಿಗೆ ಛತ್ರದ ಬಾಗಿಲಿಗೆ ಬಂದಾಗ ಪಟಾಕಿ ಸರ ಹಚ್ಚಲೆಂದು ಬ್ಯಾಂಡ್ ನಿಲ್ಲಿಸಿದ್ದಾರೆ. ಒಂದು ನಿಮಿಷ ಎಲ್ಲ ಮೌನ. ಯಾರೋ ಸರವನ್ನು ಸರೋಜಳ ಹಿಂದೆಯೇ ಎಸೆದುಬಿಟ್ಟಿದ್ದಾರೆ. ಹಿಂಗಾಲು ಸುಟ್ಟಿತು. ನಾನು ಹಗ್ಗ ಉಜ್ಜಿದ್ದು ಎಂದು ಬರೆದಿದ್ದು ಆ ಸುಟ್ಟ ಗಾಯವನ್ನೇ. ಅಂದಿನಿಂದ ಬ್ಯಾಂಡ್ ನಡೆಯುತ್ತಿರುವಷ್ಟು ಹೊತ್ತು ಅವಳಿಗೆ ಧೈರ್ಯ. ನಿಂತರೆ ಈಗ ಹಿಂದಿನಿಂದ ಬೆಂಕಿ ಬರುತ್ತದೆ ಎಂಬ ದಿಗಿಲು. ಕಾಲು ಚೆನ್ನಾಗಿದ್ದಾಗ ಇವನು ಮಾತಾಡಿಸಿಕೊಂಡು ಹೇಗೋ ಸಂಭಾಳಿಸುತ್ತಿದ್ದ. ಅದೇ ಕಾಲಿಗೆ ನೋವು ಬಂದ ಮೇಲೆ ಇವನ ಮಾತೂ ಸಾಕಾಗಲಿಲ್ಲ.

"ಇದನ್ನ ಮೊದಲೇ ಹೇಳೋದಲ್ವಾ?"

ಮುರುಗೇಶ ನಾಗರಾಜನ ಮುಖ ನೋಡಿದ. ನಾಗರಾಜ ಡ್ರಮ್ಮಿನ ಮುಖ ನೋಡಿದ.

"ಹೇಳಕ್ಕೆ ಬಂದೆ ಮೇಡಂ," ಎಂದ ಮುರುಗೇಶ ಮೆಲ್ಲಗೆ. "ನೀವು ಸುಮ್ನಿರಿ ಅಂದ್ರಿ. ಸುಮ್ನಾದ್ವಿ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ಇನ್ನೂ ನಾಚಿಕೆಯಾಯಿತು. ನಾನು ಬಂದ ಮೊದಲ ನಿಮಿಷದಲ್ಲೇ ಕುದುರೆಗೆ ಧೈರ್ಯ ಕೊಡುತ್ತಿದ್ದ ಸದ್ದನ್ನೂ, ನನಗೆ ದಾರಿ ತೋರಿಸಬೇಕಾಗಿದ್ದ ಮಾತನ್ನೂ ಒಟ್ಟಿಗೆ ಅಡಗಿಸಿದ್ದೆ. ಮೂರು ದಿನ ನಾನು ಚಿಕಿತ್ಸೆ ಎಂದುಕೊಂಡಿದ್ದು ಆ ಬಡಜೀವಕ್ಕೆ ದಿನಾ ಕುಂಸಿಯ ಆ ಒಂದು ನಿಮಿಷವನ್ನೇ ಮತ್ತೆ ಮತ್ತೆ ತೋರಿಸಿದಂತಾಗಿತ್ತು.

ಆ ದಿನ ನಾಗರಾಜ ಇಪ್ಪತ್ತು ನಿಮಿಷ ಒಂದೇ ಸಮನೆ ಬಾರಿಸಿದ. ನಾನು ಸರೋಜಳ ಸೊಂಟದ ಮೇಲೆ ಕೈಯಿಟ್ಟು, ತೊಡೆ ಸವರಿ, ಕಾಲ ಕೆಳಗೆ ಜಾರಿಸಿ ಗೊರಸು ಹಿಡಿದೆ. ಬಿಟ್ಟಳು. ಬಿಸಿನೀರಿನಲ್ಲಿ ನೆನೆಸಿ, ಗಾಯದೊಳಕ್ಕೆ ಔಷಧ ಹಾಯಿಸಿ, ಬಟ್ಟೆ ತುರುಕಿ, ಮೇಲೆ ಹಳೆಯ ಟೈರಿನ ಟ್ಯೂಬು ಕತ್ತರಿಸಿ ಬೂಟಿನ ಹಾಗೆ ಕಟ್ಟಿದೆ. ನನ್ನ ಬದುಕಿನಲ್ಲಿ ಅಷ್ಟು ಗದ್ದಲದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೇ ಇಲ್ಲ. ಹೊರಗೆ ಬಂದಾಗ ಕಿವಿ ಗುಂಯ್‌ಗುಡುತ್ತಿತ್ತು, ಹನುಮಂತಪ್ಪ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ.

ಸೋಮವಾರ ಸರ್ಜನ್ ಕೊಟ್ಟ ಗಡುವು ಮುಗಿಯುವಾಗ ಕೀವು ನಿಂತಿತ್ತು, ಆದರೆ ಗಾಯ ತುಂಬಲು ಇನ್ನೂ ವಾರಗಳು ಬೇಕಿದ್ದವು. ಜೊತೆಗೆ ಅವಳ ದಿಗಿಲನ್ನೂ ಬಿಡಿಸಬೇಕೆಂದು ಹಟ ಹುಟ್ಟಿತು. ನಮ್ಮಲ್ಲಿ ಇದಕ್ಕೆ ಕೌಂಟರ್ ಕಂಡೀಷನಿಂಗ್ ಎನ್ನುತ್ತಾರೆ; ಹೆದರಿಸುವ ಸಂಗತಿಗೆ ಇಷ್ಟದ ಸಂಗತಿಯನ್ನು ಜೋಡಿಸುವುದು, ಅಷ್ಟೇ. ಡ್ರೆಸಿಂಗ್ ಮುಗಿದ ಮೇಲೆ ನಾಗರಾಜ ಮೂರು ಎಣಿಸುವಷ್ಟು ಹೊತ್ತು ಕೈ ನಿಲ್ಲಿಸಬೇಕು. ನಿಂತ ತಕ್ಷಣ ಮುರುಗೇಶ ಒಂದು ಹಿಡಿ ನೆನೆಸಿದ ಕಡಲೆ ಬಾಯಿಗೆ ಕೊಡಬೇಕು. ಮತ್ತೆ ಡ್ರಮ್ಮು. ಮರುದಿನ ಐದು ಎಣಿಕೆ. ಆಮೇಲೆ ಎಂಟು. ಹದಿಮೂರನೆಯ ದಿನ ಅಂಥದ್ದೇ ಮೌನದಲ್ಲಿ ಹೊರಗೆ ಬೈಕೊಂದರ ಸೈಲೆನ್ಸರ್ ಸಿಡಿದು ಸರೋಜ ಒದ್ದಳು. ನನ್ನ ಎಡ ಮುಂಗೈ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮತ್ತೆ ಮೂರರ ಎಣಿಕೆಯಿಂದ ಶುರು. ಆದರೆ ಅಂದು ಒದ್ದ ಮೇಲೆ ಅವಳು ದೂರ ಸರಿಯದೆ, ಮೂಗು ಚಾಚಿ ನನ್ನ ಭುಜ ಮೂಸಿದಳು. ಅಷ್ಟು ಸಾಕಾಗಿತ್ತು ನನಗೆ.

ಇಪ್ಪತ್ತಮೂರನೆಯ ದಿನ ಗಾಯ ತುಂಬಿತ್ತು. ಲಾಳ ಹೊಡೆಯಲು ಶಿವಮೊಗ್ಗದಿಂದ ಬಾಷಾ ಸಾಬರು ಬಂದರು. ಆ ಕಸುಬಿನಲ್ಲೇ ತಲೆ ನರೆತ ಮನುಷ್ಯ. ನಾಗರಾಜ ಕೋಲು ಎತ್ತಿಕೊಂಡದ್ದನ್ನು ಕಂಡು ಅವರು ಕೈ ಅಡ್ಡ ಹಿಡಿದರು.

"ಇದು ಬೇಡ ಮೇಡಂ. ಮೊಳೆ ಹೋಗೋ ಆವಾಜ್ ನಂಗೆ ಕೇಳಬೇಕು. ಗಟ್ಟಿ ಗೊರಸಲ್ಲಿ ಹೋದ್ರೆ ಒಂದು ಥರ, ಜೀವದ ಕಡೆ ತಿರುಗಿದ್ರೆ ಇನ್ನೊಂದು ಥರ. ಈಗಷ್ಟೇ ವಾಸಿಯಾದ ಕಾಲು."

ಒಂದು ಮೊಳೆ ತಪ್ಪಿದರೂ ಮತ್ತೆ ಕೀವು, ಮತ್ತೆ ಮೊದಲಿನ ಕಥೆ. ಅಲ್ಲಿಯತನಕ ಅವಳು ಮೌನದಲ್ಲಿ ನಿಂತದ್ದು ಹೆಚ್ಚೆಂದರೆ ಅರವತ್ತು ಎಣಿಕೆ. ಇವರಿಗೆ ಕಾಲು ಗಂಟೆ ಬೇಕು. ನಾನು ಮುರುಗೇಶನ ಕಡೆ ತಿರುಗಿ, "ನೀವು ಹೇಳಿ. ನಿಲ್ತಾಳಾ?" ಎಂದು ಕೇಳಿದೆ.

ಅವನು ಕುದುರೆಯ ಕಿವಿ ನೋಡಿದ, ಕಣ್ಣು ನೋಡಿದ. "ನಿಲ್ತಾಳೆ ಮೇಡಂ," ಎಂದ.

ನಾಗರಾಜನಿಗೆ ಕೈಸನ್ನೆ ಮಾಡಿದೆ. ಸದ್ದು ನಿಂತಿತು. ಸರೋಜಳ ಮೈಮೇಲೆ ನಡುಕವೊಂದು ಭುಜದಿಂದ ಸೊಂಟದವರೆಗೆ ಹರಿದುಹೋಯಿತು. ಅವಳು ತಲೆ ತಿರುಗಿಸಿ ಮುರುಗೇಶನ ಅಂಗೈ ಹುಡುಕಿದಳು, ಕಡಲೆ ಬಾಯಿಗೆ ಹಾಕಿಕೊಂಡಳು. ಬಾಷಾ ಸಾಬರು ಬಾಗಿ ಕಾಲಿಗೆ ಕೈ ಇಡುವಷ್ಟರಲ್ಲಿ ಅವಳೇ ಹಿಂದಿನ ಬಲಗಾಲನ್ನು ಎತ್ತಿಕೊಟ್ಟಳು. ಸುತ್ತಿಗೆಯ ಏಟು ಒಂದೊಂದಾಗಿ ಬಿದ್ದವು. ಆರು ಮೊಳೆ. ಆರೂ ಗಟ್ಟಿ ಗೊರಸಿಗೇ ಹೋದವು ಎಂದು ಅವರ ಮುಖವೇ ಹೇಳುತ್ತಿತ್ತು. ಮುರುಗೇಶ ಕುದುರೆಯ ಕುತ್ತಿಗೆಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ಹನುಮಂತಪ್ಪ ಖಾಲಿ ಟ್ರೇಯನ್ನು ಎದೆಗವಚಿಕೊಂಡು ನಿಂತಿದ್ದ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ಆಮೇಲಿನ ಎರಡು ವರ್ಷದ ಸರ್ವೀಸಿನಲ್ಲಿ ನಾನು ಯಾವ ಕೊಟ್ಟಿಗೆಯಲ್ಲೂ "ಸದ್ದು ಮಾಡಬೇಡಿ" ಎಂದು ಮಾತು ಶುರುಮಾಡಲಿಲ್ಲ. "ಏನಾಯ್ತು, ಹೇಳಿ" ಎನ್ನುತ್ತಿದ್ದೆ. ಪ್ರಾಣಿಗೆ ಬಾಯಿಲ್ಲ, ಅದರ ಜೊತೆ ಬದುಕುವವರ ಬಾಯನ್ನೂ ಮುಚ್ಚಿಸಿದರೆ ಡಾಕ್ಟರಿಗೆ ಉಳಿಯುವುದು ಊಹೆ ಮಾತ್ರ. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಇಡೀ ಸರ್ವೀಸು ಬೇಕಾಯಿತು.

ಹೋದ ತಿಂಗಳು ಒಂದು ಸಂಜೆ ಗೋಪಾಳದ ನಮ್ಮ ಬೀದಿಯಲ್ಲಿ ಮದುವೆ ಮೆರವಣಿಗೆ ಬಂತು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ನಮ್ಮ ಗೇಟಿನ ಹತ್ತಿರ ಬರುತ್ತಲೇ ಬ್ಯಾಂಡ್ ತಟ್ಟನೆ ನಿಂತಿತು. ಈಗ ಪಟಾಕಿ ಹಚ್ಚುತ್ತಾರೆ ಎಂದು ನನ್ನ ಎದೆ ಧಸಕ್ಕೆಂದಿತು. ಆಗ ಆ ಮೌನದಲ್ಲಿ ಮುರುಗೇಶನ ದನಿ ಕೇಳಿಸಿತು. "ಪಟಾಕಿ ಆಮೇಲೆ ಸಾರ್. ಮೊದಲು ನಮ್ಮ ಸರೋಜ ಆ ತಿರುವು ದಾಟಲಿ."

ಸೋಸುವ ಬಟ್ಟೆ ಕೈಯಲ್ಲೇ ಇತ್ತು. ನಾನು ಕಿವಿಗೊಟ್ಟು ನಿಂತೆ. ಡಾಂಬರಿನ ಮೇಲೆ ಗೊರಸಿನ ಸದ್ದು ಹತ್ತಿರ ಬಂತು, ಗೇಟು ದಾಟಿತು, ತಿರುವಿನ ಕಡೆ ಹೋಯಿತು. ನಾಲ್ಕು ಹೆಜ್ಜೆ, ನಾಲ್ಕೂ ಸಮ.