ಚಪ್ಪಟೆಯಾದ ಪೈಪು

ಕಾದ ಉಕ್ಕಿನ ದಿಂಡಿಗೆ ತೂತು ಕೊರೆದು ಮಾಡಿದ ಪೈಪಿಗೆ ಬೆಸುಗೆಯೇ ಇರುವುದಿಲ್ಲ. ತಗಡು ಸುತ್ತಿ ಅಂಚು ಬೆಸೆದದ್ದು ಅಗ್ಗ, ಆದರೆ ನನಗೆ ಅನುಮಾನ. ಅಂಥದ್ದೊಂದು ಲೋಡನ್ನು ಕೊಳ್ಳುವ ಕಂಪನಿಯ ಪರವಾಗಿ ಪರೀಕ್ಷಿಸಲು ನಾಯಂಡಹಳ್ಳಿಯ ಶೆಡ್ಡಿಗೆ ಹೋಗಿದ್ದೆ. ಪೈಪಿನಿಂದ ಬಳೆಯಂಥ ತುಂಡು ಕತ್ತರಿಸಿ ಪ್ರೆಸ್ಸಿನಡಿ ಇಟ್ಟರು. ಬೆಸುಗೆ ಬಿರಿದರೆ ಇಡೀ ಲೋಡು ರಿಜೆಕ್ಟ್. ಶೆಡ್ಡಿನ ಮಾಲೀಕರು ಗೋಡೆಯ ಕಡೆ ತಿರುಗಿ ನಿಂತರು.

"ನೋಡಲ್ವಾ ಸಾರ್?" ಎಂದೆ.

"ನೀವೇ ನೋಡಿ ಹೇಳಿ. ಮಗಳ ರಿಸಲ್ಟೂ ನಾನು ನೋಡಲ್ಲ, ಅವರಮ್ಮನೇ ನೋಡೋದು."

ಪ್ರೆಸ್ಸು ಇಳಿಯಿತು. ಉಕ್ಕು ಮಡಿಸಿದ ದೋಸೆಯಂತೆ ಚಪ್ಪಟೆಯಾಯಿತು. ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಬೆಂಕಿ ಸೇರಿಸಿದ್ದನ್ನು ಅಷ್ಟು ಭಾರಕ್ಕೂ ಬಿಡಿಸಲಾಗಿರಲಿಲ್ಲ. ತುಂಡನ್ನು ಕೈಗೆತ್ತಿಕೊಂಡು ಬೆಸುಗೆಯ ಉದ್ದಕ್ಕೂ ಬೆರಳಾಡಿಸಿದೆ.

"ಪಾಸು," ಎಂದೆ.

ಮಾಲೀಕರು ಅದನ್ನು ಇಸಿದುಕೊಂಡು ಗುಜರಿಗೆ ಎಸೆದರು. ಗಟ್ಟಿಯೆಂದು ಖಚಿತವಾಗಿದ್ದು ಅದೊಂದೇ. ಮಿಕ್ಕವನ್ನೆಲ್ಲ ನಂಬಿಕೆಯ ಮೇಲೆ ಲಾರಿಗೆ ಏರಿಸಿದೆವು.